ಬೋಗುಣಿ

ಬೋಗುಣಿ ಕೇಳಿದರು, ಕೊಟ್ಟೆ.
ಪ್ಯಾರಿಸಿನಿಂದ ಮೂವರು, ಲಂಡನ್ನಿನಿಂದ ಇಬ್ಬರು,
ಬೂಟಿನ ತುಂಬ ಸೋಮ್ ನದಿಯ ಹಳದಿ ಜಲ್ಲಿ.
ಸೋಪು ಕೇಳಿದರು. ಅದೂ ನನ್ನದೇ,
ನಾಳೆಯ ಅಂಗಿಗಳಿಗೆಂದು ತೆಗೆದಿಟ್ಟ ತುಂಡು.

ಒನೇಜಿಮ್ ಬಾಗಿಲಾಚೆ ನಿಂತು
ಟೋಪಿ ಹಿಂಡುತ್ತಿದ್ದ.
ಅದು ಒದ್ದೆಯಿರಲಿಲ್ಲ.

ಒಂದು ಕೈಗೊಡಲಿಗೆ ಎರಡು ದಿನದ ಕೂಲಿ
ಎಂದಿದ್ದರು ವಾಲ್ಕೂರ್ ಸಾಹೇಬರು.
ನೋಹನ ಪ್ರಳಯಕ್ಕೂ ಹಿಂದಿನವನ ಕೈಗೆಲಸ ಅಂತ
ಒಂದೊಂದನ್ನೂ ಹಸುಗೂಸಿನ ಹಾಗೆ
ಹತ್ತಿಯಲ್ಲಿ ಸುತ್ತಿ ಒಯ್ಯುತ್ತಿದ್ದರು.
ಆ ಚಳಿಗಾಲ ಗಣಿಯಲ್ಲಿ ಏನೂ ಸಿಗಲಿಲ್ಲ.
ಇವನು ಒಲೆಯ ಬದಿಗೆ ಕೂತ,
ತೊಡೆಯ ಮೇಲೆ ಹರಕು ತೊಗಲು ಹಾಸಿ
ಚಕಮಕಿ ಕಲ್ಲು ಕುಟ್ಟಿದ.
ಹೆಬ್ಬೆರಳು ಸೀಳಿತು. ಮತ್ತೆ ಕುಟ್ಟಿದ.
ಅಂಚಿಗೆ ಒಂದು ಕೊಂಕು ಏಟು,
ಸಿಪ್ಪೆ ಎದ್ದು ಬಂತು, ಮೀನಿನ ಹುರುಪೆಯ ಹಾಗೆ.
ಕಲಿಸಿದವರು ಯಾರು ಎಂದೆ.
ಗಣಿಯಲ್ಲಿ ಸಿಕ್ಕಿದ ನಿಜವಾದದ್ದೊಂದನ್ನು ಎತ್ತಿ ತೋರಿಸಿದ:
"ಇವನು. ನೋಡು, ಇಲ್ಲಿ ಹೊಡೆದ.
ಇಲ್ಲಿ ತನ್ನನ್ನೇ ಬೈದುಕೊಂಡ."

ಬಣ್ಣ ಮಾತ್ರ ನನ್ನದು. ಮುಚ್ಚಿಡುವುದೇನು,
ಈರುಳ್ಳಿ ಸಿಪ್ಪೆ, ಗಣಿಯ ಮಣ್ಣು, ಮೊಟ್ಟೆಯ ಲೋಳೆ.
ಹದಿನೆಂಟು ವರ್ಷ ಊರಿನ ಕಲೆ ತೆಗೆದವಳಿಗೆ
ಕಲೆ ಹಚ್ಚುವುದು ಎಷ್ಟರ ಕೆಲಸ?

ಈಗ ಬ್ರಷ್ಷು ಕರಕರ.
ಲಂಡನ್ನಿನವನೊಬ್ಬ ತೋಳು ಮಡಚಿ ಉಜ್ಜುತ್ತಾನೆ,
ಕೊಳೆ ಹೋಗಲೆಂದಲ್ಲ, ಸಿಟ್ಟಿಗೆ.
ಒಂದು ಬೋಳಾಯಿತು. ಎರಡು. ಏಳು.
ಬೂದು ಮೈ, ಆಗಷ್ಟೇ ಹುಟ್ಟಿದ ಕರುವಿನಂತೆ ಒದ್ದೆ.
ಎಂಟನೆಯದು ಬಣ್ಣ ಬಿಡಲಿಲ್ಲ.
ಒಂಬತ್ತನೆಯದೂ.
ಅಷ್ಟರಲ್ಲಿ ನೀರು ರಾಡಿಯಾಗಿತ್ತು,
ಅವರಿಗೂ ಸಾಕಾಗಿತ್ತು.
"ಎಲ್ಲವೂ" ಎಂದು ಬರೆದುಕೊಂಡರು.

ವಾಲ್ಕೂರ್ ಸಾಹೇಬರು ಗೋಡೆ ಹಿಡಿದು ಕೂತರು.
ಕಾಲರಿನ ಹೊಲಿಗೆ ಬಿಟ್ಟಿತ್ತು,
ಮೊನ್ನೆ ಒಗೆಯುವಾಗ ನಾನೇ ಗಮನಿಸಬೇಕಿತ್ತು.
"ಅದರಲ್ಲಿ ಒಂದಾದರೂ, ಒನೇಜಿಮ್?"
ಇವನು ಬಾಯಿ ತೆರೆದ.
ಉಳಿದವರು ನಕ್ಕರು.
ಕಳ್ಳನ ಸಾಕ್ಷಿ ಯಾರಿಗೆ ಬೇಕು.

ನೀರು ಚೆಲ್ಲುವಾಗ ತಳದಲ್ಲಿ ಸಿಕ್ಕಿತು ಒಂಬತ್ತನೆಯದು.
ರಾತ್ರಿ ಅದನ್ನು ಹಿಡಿದು ನೋಡುತ್ತಾನೆ,
ದೀಪದ ಎಣ್ಣೆ ತೀರುವವರೆಗೂ.
ಅಂಗೈಗೆ ಸರಿಯಾಗಿ ಕೂರುತ್ತದಂತೆ.
ಹಿಂಬದಿಯಲ್ಲಿ ಒಂದು ಕಡೆ ಏಟು ತಪ್ಪಿ
ಕಲ್ಲು ಮೆಟ್ಟಿಲಿನಂತೆ ಮುರಿದಿದೆ.
"ನಾನೂ ಇಲ್ಲೇ ತಪ್ಪುತ್ತೇನೆ" ಅಂದ,
ಯಾರೋ ಅಣ್ಣನ ವಿಷಯ ಹೇಳುವ ಹಾಗೆ.

ಬೆಳಿಗ್ಗೆ ಬೋಗುಣಿ ಉಜ್ಜಿದೆ.
ಸೋಪಿನ ದುಡ್ಡು ಯಾರೂ ಕೊಡಲಿಲ್ಲ.