ಮೂರನೆಯವರ ಅನುಬಂಧ

ಥರ್ಡ್ ಪಾರ್ಟಿ, ಅಂದೆ.
ಝೆರಾಕ್ಸ್ ಅಂಗಡಿಯ ಮೊಂತೇರೊ ತಲೆಯೆತ್ತದೆ ಕೇಳಿದ:
ರಿಕ್ಷಾಕ್ಕೋ, ಸ್ಕೂಟರಿಗೋ?
ಇನ್ಶೂರೆನ್ಸ್ ಅಲ್ಲ ಮಾರಾಯ, ಪುಸ್ತಕ. ಆಟದ್ದು.
ಮೂಲಪುಸ್ತಕ ಬರೆದವರು ಸಮುದ್ರದಾಚೆ,
ಆಡುವವರು ಉಪ್ಪಳದಲ್ಲಿ, ಟಯರಂಗಡಿಯ ಮಹಡಿಯಲ್ಲಿ;
ಇವರಿಬ್ಬರ ನಡುವೆ ಯಾರೂ ಕರೆಯದೆ ಬಂದು
ಬೆಂಚಿನ ತುದಿಯಲ್ಲಿ ಕೂತವಳು ಮೂರನೆಯವಳು.
ನಾನು.
ಅರವತ್ತನಾಲ್ಕು ಪುಟ, ನಡುವೆ ಎರಡು ಪಿನ್ನು, ನಲವತ್ತು ಪ್ರತಿ.

ಹಗಲು ನಾನು ಮಂಜೇಶ್ವರದ ರಿಜಿಸ್ಟ್ರಾರ್ ಕಚೇರಿಯೆದುರು
ದಸ್ತಾವೇಜು ಬರೆಯುವವಳು.
ಪೂರ್ವಕ್ಕೆ ಸರಕಾರಿ ದಾರಿ, ಪಶ್ಚಿಮಕ್ಕೆ ರೈಲು ಹಳಿ,
ಉತ್ತರಕ್ಕೆ ಕಟ್ಟಪುಣಿ.
ರಾತ್ರಿಯೂ ಹಾಗೆಯೇ ಬರೆದೆ, ಅದೇ ಪೆನ್ನು:
ಪೂರ್ವಕ್ಕೆ ಮೂಳೆಗಳ ಗುಡ್ಡ, ಪಶ್ಚಿಮಕ್ಕೆ
ವರ್ಷಕ್ಕೊಮ್ಮೆ ಬಾಯಿ ಬದಲಿಸುವ ಅಳಿವೆ,
ದಕ್ಷಿಣಕ್ಕೆ ಮುರಿದ ಕೋಟೆ, ಅದರ ಬಾಗಿಲಲ್ಲಿ ಏಳು ನಾಲಗೆಯ ಸುಂಕದವ.
ಅವನು ಯಾವ ಭಾಷೆಯಲ್ಲಿ ಕೇಳಿದನೋ ಅದರಲ್ಲೇ ಉತ್ತರ,
ತಪ್ಪಿದರೆ ಒಂದು ಸರದಿ ಖೋತಾ.
ಮಿಸ್ರಿಯಾ ಓದಿ ನಕ್ಕಳು:
ಇದು ಆಟವಾ, ನಮ್ಮ ಬಸ್‌ಸ್ಟ್ಯಾಂಡಾ?

ಮೊದಲ ಪುಟದಲ್ಲಿ ಕಾಯಿದೆ ಕೇಳುವ ಸಾಲು:
ಮೂಲ ಆಟದ ಒಡೆಯರಿಗೂ ಈ ಪುಸ್ತಕಕ್ಕೂ
ಯಾವುದೇ ಸಂಬಂಧ ಇರುವುದಿಲ್ಲ.
ಬರೆದ ಕೈ ಒಂದು ಗಳಿಗೆ ನಿಂತಿತು.
ಎಷ್ಟು ಸಲ ಬರೆದುಕೊಟ್ಟಿದ್ದೇನೆ ಇದೇ ಮಾತನ್ನು,
ಪಾಲುಪಟ್ಟಿಗಳಲ್ಲಿ, ಅಣ್ಣತಮ್ಮಂದಿರ ರುಜುವಿನ ಮೇಲೆ.
ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದೆ:
ಸಂಬಂಧವಿಲ್ಲ, ಅನುಬಂಧ ಮಾತ್ರ.
ಎರಡು ಸಲ ಬಂದಿದೆಯೆಂದು ಮೊಂತೇರೊ ಅದನ್ನು ಅಳಿಸಿಬಿಟ್ಟ.
ನಲವತ್ತೂ ಪ್ರತಿ ಹಾಗೇ ಹೋದವು.

ಮೂಲಪುಸ್ತಕದಲ್ಲಿ ನೆಲಮಾಳಿಗೆಗಳು ಬೇಕಾದಷ್ಟು:
ಕಲ್ಲಿನ ಮೆಟ್ಟಿಲು, ಕಬ್ಬಿಣದ ಬಾಗಿಲು, ಜೀಪು ಹೋಗುವಷ್ಟು ಅಗಲ.
ಪಂಜು ಒಂದು ತಾಸು ಉರಿಯುತ್ತದೆ, ಮೂವತ್ತಡಿ ಕಾಣಿಸುತ್ತದೆ.
ನಮ್ಮಲ್ಲಿ ಅಂಥದ್ದೆಲ್ಲಿ? ನಮ್ಮಲ್ಲಿರುವುದು ಸುರಂಗ,
ಕೆಂಪುಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದು ನೀರು ಹುಡುಕಿದ್ದು.
ಒಬ್ಬ ಬಗ್ಗಿ ನಡೆದರೆ ಮುಗಿಯಿತು, ಎರಡು ಭುಜಕ್ಕೂ ಗೋಡೆ.
ಮುಳ್ಳುಹಂದಿಗೆ ಹನ್ನೆರಡು ಅಂಕ ಕೊಟ್ಟೆ, ಬಾವಲಿಗೆ ಎರಡು.
ದೀಪಕ್ಕೆ ಎಷ್ಟು ಕೊಡಬೇಕೆಂದು ತಿಳಿಯಲಿಲ್ಲ.

ಬಾಯಾರಿಗೆ ಹೋಗಿ ಐತಪ್ಪಣ್ಣನನ್ನು ಕೇಳಿದೆ.
ನಲವತ್ತು ವರ್ಷ ಅಗೆದವರು;
ಬೆನ್ನು ಇನ್ನೂ ಹೊರಗೆ ಬಂದಿಲ್ಲ.
ದೀಪ ಎಷ್ಟು ಅಡಿ ಕಾಣಿಸುತ್ತದೆ?
ದೀಪ ಕಾಣಲಿಕ್ಕಲ್ಲ ಮಗಳೇ, ಅಂದರು.
ಕಾಣಲಿಕ್ಕೆ ಕೈಯುಂಟು, ಪಿಕ್ಕಾಸಿನ ಸದ್ದುಂಟು.
ದೀಪ ಉಸಿರಿಗೆ.
ಅದು ಸಣ್ಣಗಾದರೆ ನಾನೂ ಸಣ್ಣಗಾಗುತ್ತಿದ್ದೇನೆ ಅಂತ.
ಆರಿತೋ, ಮತ್ತೆ ಲೆಕ್ಕಾಚಾರವಿಲ್ಲ.
ತಿರುಗಲಿಕ್ಕೂ ಜಾಗವಿರುವುದಿಲ್ಲ ನೋಡು,
ಹಿಂದೆ ಹಿಂದೆಯೇ ಬರುವುದು,
ಹಿಮ್ಮಡಿಯಲ್ಲಿ ದಾರಿ ತಡಕಿಕೊಂಡು.

ಪುಟ ನಲವತ್ತೊಂದು ಆದದ್ದು ಹೀಗೆ.

ಆ ಭಾನುವಾರ ಅವರೂ ಇದ್ದರು, ಮಗಳ ಮನೆಗೆ ಬಂದವರು ಹಾಗೇ,
ಮೂಲೆಯ ಹಳೇ ಟಯರಿನ ಮೇಲೆ ಕೂತು ಬೆಲ್ಲದ ಚಾ ಕುಡಿಯುತ್ತ.
ಇಷ್ಟು ದೊಡ್ಡ ಮಕ್ಕಳು ಕಾಗದ ಹರಡಿಕೊಂಡು
ಯಾಕೆ ಬೊಬ್ಬೆ ಹಾಕುತ್ತಾರೆಂದು ಅವರಿಗೆ ತಿಳಿಯಲಿಲ್ಲ,
ಕೇಳಲೂ ಇಲ್ಲ.
ಮಿಸ್ರಿಯಾಳ ಖಡ್ಗದ ಹೆಂಗಸು ಒಂಬತ್ತನೆಯ ಮಟ್ಟದವಳು,
ಎರಡು ಡ್ರ್ಯಾಗನ್ ಕೊಂದವಳು,
ಸುರಂಗದ ಮೂರನೆಯ ತಿರುವಿನಲ್ಲಿ.
ದೀಪ ಆರಿತು, ಅಂದೆ ನಾನು.
ಆರಲಿ, ಅಂದಳು,
ಕತ್ತಲಲ್ಲಿ ಕಾಣುವ ವರವಿದೆ ನನಗೆ,
ಮೂಲಪುಸ್ತಕ, ಪುಟ ಇಪ್ಪತ್ತು.
ನಿನ್ನ ನಲವತ್ತೊಂದನ್ನು ನೀನೇ ಇಟ್ಟುಕೋ. ಮುಂದೆ ಹೋಗುತ್ತೇನೆ.
ಇಪ್ಪತ್ತು ಮುಖದ ದಾಳ ಅವಳ ಮುಷ್ಟಿಯಲ್ಲಿ ಗಲಗಲ.

ಮೂಲೆಯಲ್ಲಿ ಗ್ಲಾಸು ನೆಲಕ್ಕಿಟ್ಟ ಸದ್ದು.
ಪಿರ ಬಲ ಮಗಾ, ಅಂದರು ಐತಪ್ಪಣ್ಣ,
ನಕ್ಷೆಯ ಕಡೆ ನೋಡದೆ, ಅವಳನ್ನೇ ನೋಡಿ.
ಪಿರ ಬಲ.

ಮುಷ್ಟಿ ಹಾಗೇ ಗಾಳಿಯಲ್ಲಿತ್ತು.
ಕೆಳಗೆ ಯಾರೋ ಟಯರಿಗೆ ಗಾಳಿ ತುಂಬಿಸುತ್ತಿದ್ದರು.