ಮರುಕಳಿಕೆ: ಸೊನ್ನೆ

ಬಡ್ತಿ ಅರ್ಜಿಯ ಹನ್ನೊಂದನೆಯ ಕಲಮು:
ಪ್ರಕಟವಾದ ಪ್ರಬಂಧಗಳು. ನಲವತ್ತೆರಡು.
ಹನ್ನೆರಡನೆಯದು: ಅವನ್ನು ಬೇರೆಯವರು ಉಲ್ಲೇಖಿಸಿದ್ದು ಎಷ್ಟು ಸಲ.
ನಲವತ್ತೊಂದು ಸೇರಿದರೂ ತೊಂಬತ್ತು ದಾಟುವುದಿಲ್ಲ.
ಉಳಿದದ್ದೊಂದು,
ಅದೊಂದೇ ಮುನ್ನೂರ ಹನ್ನೆರಡು.
ಮನೆಯಲ್ಲಿ ಒಬ್ಬನೇ ದುಡಿಯುವವನಿದ್ದ ಹಾಗೆ,
ಮಿಕ್ಕವರೆಲ್ಲ ಅವನ ಸಂಬಳದಲ್ಲಿ ಉಣ್ಣುತ್ತಾರೆ.

ಅದು ಮಲೇರಿಯದ್ದು.
ಕದ್ರಿ ಗುಡ್ಡದ ಮೇಲೆ ಇಪ್ಪತ್ತು ಮಾಳಿಗೆ ಏಳುತ್ತಿದ್ದ ವರ್ಷ,
ಹೊಸ ಸ್ಲ್ಯಾಬಿನ ಮೇಲೆ ಕಟ್ಟಿ ನಿಲ್ಲಿಸಿದ ನೀರು
ಸೊಳ್ಳೆಗೆ ಬಾಡಿಗೆಯಿಲ್ಲದ ಮನೆ.
ಹದಿನಾಲ್ಕು ದಿನದ ಮಾತ್ರೆ ಏಳೇ ದಿನದಲ್ಲಿ ಮುಗಿಸಬಹುದೆ?
ನೂರ ಹದಿನೆಂಟು ಮಂದಿ, ಆರು ತಿಂಗಳು,
ಮೂರನೆಯ ಕೋಷ್ಟಕದ ಕೊನೆಯ ಸಾಲು
ಮರುಕಳಿಕೆ: ಸೊನ್ನೆ.

ಆ ಸೊನ್ನೆ ಎಲ್ಲೆಲ್ಲಿ ಹೋಗಿ ಬಂತು!
ಲಿಮಾ, ಮನಿಲಾ, ನಕಾಶೆಯಲ್ಲಿ ನಾನು ಹುಡುಕಿಯೂ ನೋಡದ ದ್ವೀಪಗಳು.
ನಾನು ಮಾತ್ರ ಅತ್ತಾವರದಿಂದ ಹಂಪನಕಟ್ಟೆಗೆ,
ಹಂಪನಕಟ್ಟೆಯಿಂದ ಅತ್ತಾವರಕ್ಕೆ,
ಚಿಲ್ಲರೆ ಹಿಡಿದು, ಸಿಟಿ ಬಸ್ಸಿನಲ್ಲಿ.

ರಕ್ತ ತೆಗೆಯುತ್ತಿದ್ದವರು ಲೋಕಯ್ಯಣ್ಣ.
(ಕೃತಜ್ಞತೆಯ ಸಾಲಿನಲ್ಲಿ ಲೋಕೇಶ್ ಎಂದು ಅಚ್ಚಾಗಿದೆ.)
ಆಗಸ್ಟಿನ ಒಂದು ಮಧ್ಯಾಹ್ನ, ಮಳೆ ಬಿಟ್ಟ ಹೊತ್ತು,
ಎಂಬತ್ತಮೂರನೆಯವನ ತೋಳಿಗೆ ರಬ್ಬರು ಬಿಗಿದು
ಸೂಜಿ ಚುಚ್ಚದೆ ಸುಮ್ಮನೆ ಕೂತರು.
"ಮೇಡಂ, ಇವನು ಜೂನಿನಲ್ಲಿ ಬಂದವನೇ."
ಚೀಟಿಯಲ್ಲಿ ಹುಲಗಪ್ಪ, ಇಪ್ಪತ್ತಾರು, ಇಳಕಲ್ ಕಡೆ.
ಜೂನಿನ ನಲವತ್ತೇಳನೆಯವನು ಯಮನೂರಪ್ಪ, ಇಪ್ಪತ್ತನಾಲ್ಕು.
"ಮುಖ ಬೇಕಾದರೆ ಮರೆತೇನು, ನರ ಮರೆಯುವುದಿಲ್ಲ.
ಎಡಗೈ ನೋಡಿ, ಮಡಿಕೆಯ ಹತ್ತಿರ ಎರಡು ಬಂದು ಒಂದಾಗುವುದು,
ಅಳಿವೆಯಲ್ಲಿ ನೇತ್ರಾವತಿಗೆ ಗುರುಪುರ ಹೊಳೆ ಸೇರಿದ ಹಾಗೆ."

ಹುಡುಗ ಸಿಮೆಂಟು ಮೆತ್ತಿದ ಕಾಲುಗುರು ನೋಡುತ್ತ
"ಅದು ನಮ್ಮಣ್ಣನ ಹೆಸರ್ರಿ" ಅಂದ.
ಯಾವುದು ಎಂದು ನಾನು ಕೇಳಲಿಲ್ಲ.
ಎರಡನೇ ಸಲ ಜ್ವರವೆಂದರೆ ಮೇಸ್ತ್ರಿ ಲೆಕ್ಕ ಮುಗಿಸಿ ಕಳಿಸುತ್ತಾನೆ,
ಅಷ್ಟು ತಿಳಿಯದವಳೇನಲ್ಲ.
ಯಮನೂರಪ್ಪನ ಎದುರು ಜುಲೈಯಲ್ಲೂ ಬರೆದಾಗಿತ್ತು, ಜ್ವರವಿಲ್ಲ,
ಅದೇ ಮೇಸ್ತ್ರಿಯನ್ನು ಫೋನಿನಲ್ಲಿ ಕೇಳಿ.

ಹೊಸ ರೋಗಿ ಅಂತ ಬರೆಯಿರಿ ಅಂದೆ.
ಅಥವಾ ಏನೂ ಅನ್ನಲಿಲ್ಲವೋ.
ಹೌದು, ಏನೂ ಅನ್ನಲಿಲ್ಲ. ಅವರು ಸೂಜಿ ಚುಚ್ಚಿದರು.
ಒಬ್ಬನಿಂದ ಸರಾಸರಿ ಕದಲುವುದಿಲ್ಲ, ಇದು ನಿಜ.
ಸೊನ್ನೆ ಕದಲುತ್ತದೆ. ಇದೂ.

ಔಷಧಿಗೆ ಸಿಗದ ರೋಗಾಣು
ಯಕೃತ್ತಿನಲ್ಲಿ ಸದ್ದಿಲ್ಲದೆ ಮಲಗಿರುತ್ತದೆ, ತಿಂಗಳುಗಟ್ಟಲೆ,
ಆಮೇಲೊಂದು ದಿನ ಏನೂ ಆಗದವರ ಹಾಗೆ ಎದ್ದು ಬರುತ್ತದೆ.
ಪ್ರತಿ ವರ್ಷ ಇದನ್ನು ಮಕ್ಕಳಿಗೆ ಪಾಠ ಮಾಡುತ್ತೇನೆ.
ದನಿ ಸರಿಯಾಗಿಯೇ ಇರುತ್ತದೆ.

ನಿನ್ನೆ ಲೋಕಯ್ಯಣ್ಣನಿಗೆ ಫೋನು ಮಾಡಿದೆ.
ಜೆಪ್ಪಿನಲ್ಲಿ ಮಗಳ ಮನೆ, ಎರಡೂ ಕಣ್ಣಿಗೆ ಪೊರೆ.
"ಒಣಸ್ ಆಂಡಾ?" ಕೇಳಿದರು ಮೊದಲು.
ಊಟ ಆಗಿರಲಿಲ್ಲ, ಆಯಿತೆಂದೆ.
ಆಮೇಲೆ ಅದು ಇದು, ಬಂಗುಡೆಯ ರೇಟು, ಮೊಮ್ಮಗನ ಪರೀಕ್ಷೆ,
ಕೊನೆಗೆ ಆ ವಿಷಯ.
"ನಾನು ಅಲ್ಲೇ ಬರೆದಿಟ್ಟಿದ್ದೆನಲ್ಲ ಮೇಡಂ.
ನೀವು ನೋಡಿರಲಿಲ್ಲವಾ?"

ಕಪಾಟಿನ ತಳದಲ್ಲಿ ಮರದ ಪೆಟ್ಟಿಗೆ,
ಹದಿನೇಳು ಮಳೆಗಾಲದ ಬೂಷ್ಟು.
ಗಾಜಿನ ಮೇಲಿನ ನೇರಳೆ ಬಣ್ಣ ಚಹಾದ ಕಲೆಯಾಗಿದೆ.
ಎಂಬತ್ತೊಂದು, ಎಂಬತ್ತೆರಡು, ಎಂಬತ್ತಮೂರು.
ಗಾಜಿನ ಒರಟು ಅಂಚಿನಲ್ಲಿ
ಪೆನ್ಸಿಲಿನ ಸಣ್ಣ ಅಕ್ಷರ, ಒತ್ತಿ ಬರೆದದ್ದು:
೪೭ ನೋಡಿ.

ಸಮಿತಿ ಮೂರು ಗಂಟೆಗೆ.
ಹನ್ನೆರಡನೆಯ ಕಲಮು ಇನ್ನೂ ಖಾಲಿ.
ಮುನ್ನೂರ ಹನ್ನೆರಡಕ್ಕೆ ಇದೊಂದನ್ನು ಕೂಡಿಸಬೇಕೋ,
ಇದೊಂದರಿಂದ ಅಷ್ಟನ್ನೂ ಕಳೆಯಬೇಕೋ.