ಕಪ್ಪು ಅಂಚು

ತೀನ್ ಕಂದೀಲ್ ಹಿಂದಿನ ಸಂದಿಯಲ್ಲಿ
ಅಪ್ಪ ಕ್ಯಾಸೆಟ್ ತುಂಬಿಕೊಡುತ್ತಿದ್ದ,
ನಾನು ಡಿಸ್ಕು ಸುಡುತ್ತೇನೆ.
ಸುಡುವುದು ಅಂದರೆ ಹೌಹಾರುತ್ತಾರೆ ಬಂದವರು.
ಇದು ಸುಟ್ಟರೇ ಉಳಿಯುವುದು, ಹೆದರಬೇಡಿ, ಅನ್ನುತ್ತೇನೆ.

ಒಂದು ಮಂಗಳವಾರ, ಕರೆಂಟು ಹೋಗಿ ಬಂದ ಮೇಲೆ,
ಜಮಲಮ್ಮ ಬಂದಳು, ಜಿನ್ನಿಂಗ್ ಮಿಲ್ಲಿನಿಂದ ನೇರ,
ರೆಪ್ಪೆಯ ಮೇಲೂ ಅರಳೆ.
ಸೆರಗಿನ ಗಂಟು ಬಿಚ್ಚಿದರೆ
ಹತ್ತರ ನಾಲ್ಕು ನೋಟು, ಅವುಗಳ ಮಡಿಕೆಯಲ್ಲಿ
ಉಗುರಿನಷ್ಟು ಮೆಮೊರಿ ಕಾರ್ಡು.
"ಅಕ್ಕಗ ಕಳಿಸ್ಬೇಕ್ರಿ, ಸಿರವಾರಕ್ಕ.
ಡಿವಿಡಿ ಐತಿ ಅವರ ಮನಿಯಾಗ,
ಚೀಟಿ ಎತ್ತಿದಾಗ ಬಂದದ್ದು."

ಹದಿನಾಲ್ಕು ತುಣುಕು. ಒಂದೊಂದೂ ಹದಿನೈದು ಸೆಕೆಂಡು,
ಅದಕ್ಕಿಂತ ಉದ್ದ ಹಿಡಿಯುತ್ತಿರಲಿಲ್ಲ ಆ ಫೋನು.
ಹಿಟ್ಟಿನ ಡಬ್ಬಕ್ಕೆ ಒರಗಿಸಿ ತೆಗೆದದ್ದು:
ನೀಲಿ ಗೋಡೆ, ಮೊಳೆಗೆ ಜರಡಿ,
ಎಲ್ಲದರಲ್ಲೂ ಜಮಲಮ್ಮನೇ.
ಬಾಯಿ ಮುಚ್ಚಿದೆ, ಕೈ ನಿಲ್ಲುತ್ತಿಲ್ಲ.
ಗಾಳಿಯನ್ನು ಹಿಂಜುತ್ತವೆ, ಮಡಚುತ್ತವೆ,
ಕೆನ್ನೆ ಮುಟ್ಟಿ ದೂರಕ್ಕೆ ಒಗೆಯುತ್ತವೆ.

ನಾನು ಏನೂ ಕೇಳಲಿಲ್ಲ.
ರೂಢಿಯಂತೆ ಕೆಳಗೊಂದು ಹಾಡು ಹಾಸಿದೆ
(ದನಿಯಿಲ್ಲದ ಡಿಸ್ಕು ಕೊಟ್ಟರೆ ಜಗಳಕ್ಕೆ ಬರುತ್ತಾರೆ),
ಚಿತ್ರ ಹಿಗ್ಗಿಸಿ ಪರದೆ ತುಂಬಿಸಿದೆ,
ತುಣುಕು ತುಣುಕಿನ ನಡುವೆ ಗುಲಾಬಿ ಅರಳಿಸಿದೆ,
ಮೊದಲಿಗೆ ಬಂಗಾರದ ಅಕ್ಷರದಲ್ಲಿ ಶುಭಾಶಯ.

ಹದಿನೈದು ದಿನಕ್ಕೆ ಡಿಸ್ಕು ವಾಪಸು.
"ಮಾತು ಅರ್ಧಕ್ಕರ್ಧ ಹೋಗ್ಯಾವ್ರಿ."
ಮಾತೇ ಇರಲಿಲ್ಲವಲ್ಲಮ್ಮಾ, ಅಂದೆ.
ಅವಳು ನೋಡಿದಳು
ಕಿವುಡನನ್ನು ನೋಡುವ ಹಾಗೆ.

ಅಕ್ಕ ಉರುಕುಂದಮ್ಮನಿಗೆ ಹುಟ್ಟಿದಾಗಿಂದ ಕಿವಿಯಿಲ್ಲ.
ಶಾಲೆ ಕಂಡವಳಲ್ಲ.
ಒಂದೇ ಕೌದಿಯಡಿ ಮಲಗುತ್ತ
ಇಬ್ಬರೂ ಕೂಡಿ ಕಟ್ಟಿಕೊಂಡ ಮಾತು ಅದು:
ಕೆನ್ನೆಗೆ ಎರಡು ಬೆರಳಿಟ್ಟರೆ ಅವ್ವ, ಅಲ್ಲಿ ಅವಳ ಹಚ್ಚೆ.
ಮೊಣಕೈ ತಟ್ಟಿದರೆ ಜ್ವರ,
ಯಾಕೆಂಬುದು ಈಗ ಇಬ್ಬರಿಗೂ ನೆನಪಿಲ್ಲ.
ಬಲ್ಲವರು ಒಟ್ಟು ಮೂರು ಮಂದಿ,
ಮೂರನೆಯವಳು ಅವ್ವ, ಅವಳದೂ ಅರೆಬರೆ.
ಭಾವನ ಕೈಲಿ ಹೇಳಿ ಕಳಿಸಿದರೆ
ಮುಟ್ಟುವುದು ಉಪ್ಪು, ಎಣ್ಣೆ, ಬಸ್ಸಿನ ಹೊತ್ತು.

ಹಳೆ ಟಿವಿ ಅಂಚು ತಿನ್ನುತ್ತದೆ,
ಸುತ್ತಲೂ ಎರಡು ಬೆರಳಗಲ. ಗೊತ್ತಿತ್ತು ನನಗೆ.
ಮದುವೆ ವಿಡಿಯೋದಲ್ಲಿ ಅಂಚಿಗೆ ನಿಂತವರು
ಹೇಗೂ ದೂರದ ನಂಟರು, ಹೋದರೆ ಹೋದರು ಅಂದುಕೊಳ್ಳುತ್ತಿದ್ದೆ.
ಇಲ್ಲಿ ಅಗಲಕ್ಕೆ ಚಾಚಿದ ಕೈಗಳೆಲ್ಲ
ಚೌಕಟ್ಟಿನೊಳಗೆ ಸೇರಿ ಹೋಗಿದ್ದವು.
ಅವ್ವ ಉಳಿದಿದ್ದಳು, ಕೆನ್ನೆಯ ಹತ್ತಿರ.
ಅವ್ವನಿಗೆ ಏನಾಯಿತೆಂಬುದು ಅಂಚಿನಾಚೆ.

ಹಾಡಿಗೆ ಮಕ್ಕಳು ಕುಣಿದರಂತೆ,
ಗುಲಾಬಿ ಮಾತ್ರ ಪೂರ್ತಿ ಕಂಡಿತಂತೆ,
ಅಕ್ಕ ಎರಡು ದಿನ ಉಣ್ಣಲಿಲ್ಲವಂತೆ.
"ಕಣ್ಣಿನ ಪೊರಿ ತಗಸೀವಿ ಅಂದಿದ್ದೆ ನಾ,
ಅಷ್ಟ."

ಹಾಡು ಕಿತ್ತೆ. ಗುಲಾಬಿ ಕಿತ್ತೆ. ಶುಭಾಶಯವನ್ನೂ.
ಚಿತ್ರ ಕುಗ್ಗಿಸಿ ನಡುವೆ ಕೂರಿಸಿದೆ,
ಸುತ್ತಲೂ ಕಪ್ಪು ಬಿಟ್ಟೆ, ಟಿವಿ ಬೇಕಾದಷ್ಟು ತಿನ್ನಲಿ.
ಜಮಲಮ್ಮ ಪರದೆಗೆ ಬೆರಳಿಟ್ಟು, "ಅಂಚು ಹಚ್ಚಿದ್ರಿ" ಅಂದಳು,
ಸೀರೆಯಂಗಡಿಯಲ್ಲಿ ಹೇಳುವಂತೆ.
ತೊಂಬತ್ತಾರಕ್ಕೆ ಬಂದಾಗ ಕರೆಂಟು ಹೋಯಿತು.
ಆ ಡಿಸ್ಕು ಈಗ ಹೀರೆಬಳ್ಳಿಯಲ್ಲಿ ಗಿಳಿ ಓಡಿಸುತ್ತಿದೆ.
ಎರಡನೆಯದು ಸರಿಯಾಗಿ ಬಂತು.
ಅರಳೆಯ ಎಳೆಯೊಂದು ಕೂತಿತ್ತು, ಅಂಗಿಯ ತುದಿಯಿಂದ ಒರೆಸಿಕೊಟ್ಟೆ.
ನಲವತ್ತು ರೂಪಾಯಿ ಅವಳೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಯುಗಾದಿ ಆದ ಮೇಲೆ ಇಬ್ಬರೂ ಬಂದರು.
ಅಕ್ಕ ನನ್ನತ್ತ ಗಲ್ಲ ಎತ್ತಿ ತಂಗಿಯನ್ನು ಕೇಳಿದಳು.
ತಂಗಿ ಅಂಗೈ ಮೇಲೆ ಬೆರಳು ಸುತ್ತಿಸಿ,
ಆಮೇಲೆ ಗಾಳಿಯಲ್ಲಿ ನಾಲ್ಕು ಕಡೆ
ಒಂದು ಅಂಚು ಎಳೆದಳು.
ಓಹೋ ಇವನಾ, ಎಂಬಂತೆ ನಕ್ಕಳು ಉರುಕುಂದಮ್ಮ.
ಏನಂದಿ? ಅಂತ ಕೇಳಿದೆ.
"ನಿಮ್ಮ ಹೆಸರ್ರಿ."

ಅಕ್ಕ ನನ್ನ ಕೈಗಳನ್ನೇ ನೋಡುತ್ತ ನಿಂತಳು,
ಏನಾದರೂ ಅನ್ನಲಿ ಎಂದು.
ಒಂದು ಕೈಯಲ್ಲಿ ಚಹಾ ಇತ್ತು,
ಇನ್ನೊಂದು ಮೌಸಿನ ಮೇಲೆ.